ಮೂವತ್ತೇಳನೆಯ ಕಲ್ಲು

ನಮ್ಮಜ್ಜಿ ಜಿಗ್ಬೋಡಿ ತಾಳೆಕಾಯಿ ಜಜ್ಜುತ್ತಿದ್ದುದು
ಎರಡು ಸಾಮ್ರಾಜ್ಯಗಳ ನೆತ್ತಿಯ ಮೇಲೆ.

ಮೊಣಕಾಲೆತ್ತರದ ಗಾರೆಗಂಬ. ಮೇಲೊಂದು ಹಿತ್ತಾಳೆ ಬಿಲ್ಲೆ ಇತ್ತಂತೆ,
ಯಾರೋ ಕಿತ್ತು ಓಲೆ ಮಾಡಿಸಿಕೊಂಡರು.
ಉಳಿದದ್ದು ಒಂದು ಅಂಕಿ: ಮೂವತ್ತೇಳು.
ಮೂವತ್ತಾರು ಎಲ್ಲಿ ಎಂದರೆ
ಗುಡ್ಡದತ್ತ ಗದ್ದ ಎತ್ತುತ್ತಿದ್ದಳು.
ಮೂವತ್ತೆಂಟು?
ಹೊಳೆಯೊಳಗೆ. ಮೊದಲ ಮಳೆಗೇ ಜಾರಿ ಬಿತ್ತು,
ಮೀನಿಗೂ ತಿಳಿದಿರಲಿ ಅಂತ.

ಮೊದಲು ಬಂದವರು ಜರ್ಮನರು.
ರಸ್ತೆ ಹೊಡೆಸಿದರು, ಹತ್ತಿ ಹಾಕಿಸಿದರು,
ಮುತ್ತಜ್ಜನಿಗೆ ಇಪ್ಪತ್ತೈದರತನಕ ಎಣಿಸಲು ಕಲಿಸಿದರು
ಬೆನ್ನ ಮೇಲೆ.
ಇಪ್ಪತ್ತಾರನೆಯದು ಚಕ್ರವರ್ತಿಯ ಹೆಸರಿಗೆ.
ಸಾಯುವ ಕಾಲಕ್ಕೆ ಎಲ್ಲ ಮರೆತ ಮುದುಕ
ಆ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ.

ಯುದ್ಧ ಸೋತು ಅವರೆದ್ದು ಹೋದಮೇಲೆ
ಉಂಡೆದ್ದವನ ಎಲೆಗೆ ಇಬ್ಬರು ಕೂತರು.
ಒಂದು ಮೇಜು, ಒಂದು ನಕಾಶೆ, ಒಂದು ಪೆನ್ಸಿಲು.
ಪೆನ್ಸಿಲಿನ ಮೊನೆ ಮೊಂಡಾಗಿತ್ತೇನೋ,
ಗೆರೆಯ ದಪ್ಪವೇ ಅರ್ಧ ಮೈಲಿ ಬಿತ್ತು.
ನಮ್ಮೂರು ಆ ದಪ್ಪದೊಳಗಿತ್ತು.

ಅಳೆಯುವವರು ಬಂದಾಗ ಅಜ್ಜಿಗೆ ಹನ್ನೆರಡು.
ಮುಕ್ಕಾಲಿ, ಸರಪಳಿ, ಒಂಟಿಕಣ್ಣಿನ ದುರ್ಬೀನು,
ಛತ್ರಿ ಹಿಡಿಯಲಿಕ್ಕೊಬ್ಬ ಆಳು.
ಬಿಂದಿಗೆ ಹೊತ್ತು ಬಂದವಳಿಗೆ
ಅಲ್ಲೇ ನಿಲ್ಲು ಅಂದರಂತೆ, ಅಲುಗಬೇಡ.
ಅಷ್ಟು ನೇರ ನಿಲ್ಲುವ ಕೋಲು ಅವರ ಹತ್ತಿರವೂ ಇರಲಿಲ್ಲ.
"ಗೆರೆ ನನ್ನ ಹೊಕ್ಕುಳ ಹಾದು ಹೋಯಿತು,
ನೀರು ಮಾತ್ರ ತುಳುಕಲಿಲ್ಲ."

ಸಂಜೆಗೆ ಒಲೆ ಇಂಗ್ಲಿಷರ ಪಾಲು, ಬಾವಿ ಫ್ರೆಂಚರ ಪಾಲು.
ತಮ್ಮ ಕೊಮ್ಲಾನ ಗೆಣಸಿನ ಹೊಲ ಬಾವಿಯ ಕಡೆ.
ಕೋಕೋಗೆ ಅಲ್ಲಿ ಬೆಲೆ ಬಂದ ವರ್ಷ ಚೀಲಗಳು ಅತ್ತ ನಡೆದವು,
ಸೀಮೆಎಣ್ಣೆ ಇತ್ತ ನಡೆಯಿತು,
ರಾತ್ರಿ ಹೊತ್ತು, ಬರಿಗಾಲಲ್ಲಿ.
ಇಲ್ಲಿ ಲಾರಿ ಎಡಕ್ಕೆ, ಅಲ್ಲಿ ಬಲಕ್ಕೆ.
ನಮ್ಮ ಆಡುಗಳು ಯಾವತ್ತೂ ನಡುಮಧ್ಯೆ.

ನಾನೀಗ ಹೋ ಪಟ್ಟಣದಲ್ಲಿ ಭೂಗೋಳ ಹೇಳುವ ಮೇಷ್ಟರು.
ಹಲಗೆಯ ಮೇಲೆ ಕರಾವಳಿ ಎಳೆಯುತ್ತೇನೆ,
ಹಳೆಯ ಹೆಸರು ಪಡುವಣದಿಂದ ಬರೆಯುತ್ತೇನೆ:
ಕಾಳಿನ ತೀರ, ದಂತದ ತೀರ, ಚಿನ್ನದ ತೀರ,
ಆಮೇಲೆ ನಮ್ಮದು, ಗುಲಾಮರ ತೀರ.
ಊರಿನ ಹೆಸರಲ್ಲ ಮಕ್ಕಳೇ, ಇದು ರಸೀದಿ,
ಎಂದು ಹೇಳಬೇಕೆನಿಸುತ್ತದೆ. ಪರೀಕ್ಷೆಯಲ್ಲಿ ಅದು ಬರುವುದಿಲ್ಲ.
ಜನವರಿಯಲ್ಲಿ ಹರ್ಮಟಾನ್ ಗಾಳಿ
ಸಹಾರಾದ ಹುಡಿಮಣ್ಣು ಹೊತ್ತು ಐದಾರು ಗಡಿ ದಾಟಿ ಬಂದು
ಹಲಗೆಯ ಮೇಲೆ ಕೂರುತ್ತದೆ. ಅಂಗೈಯಲ್ಲಿ ಒರೆಸುತ್ತೇನೆ,
ಅರ್ಧ ಕರಾವಳಿ ಕೈಗೆ ಬರುತ್ತದೆ.

ಕೊಮ್ಲಾತಾತ ಸತ್ತದ್ದು ನಮ್ಮ ಮನೆಯಲ್ಲಿ,
ಮಣ್ಣಾಗಬೇಕಾದ್ದು ಅವನ ಹೊಲದಲ್ಲಿ.
ಆ ವರ್ಷ ಗಡಿ ಮುಚ್ಚಿತ್ತು.
ಇಂಗ್ಲಿಷರು ಹೋಗಿ ಎಷ್ಟೋ ಕಾಲವಾಗಿತ್ತು, ಫ್ರೆಂಚರೂ ಹೋಗಿದ್ದರು,
ಗೆರೆಯನ್ನು ಒಯ್ಯಲು ಇಬ್ಬರೂ ಮರೆತಿದ್ದರು.
ಲಾಂದ್ರ ನನ್ನ ಕೈಲಿ. ನಾಲ್ವರ ಹೆಗಲು ಸೋತು
ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಳಿಸಿದರು,
ತಲೆ ಅತ್ತ, ಕಾಲು ಇತ್ತ.

ಸಿಪಾಯಿ ಎಳೆಯ ಹುಡುಗ, ದೂರದ ಬಡಗಣ ಸೀಮೆಯವನು,
ನಮ್ಮ ಎವೆ ಮಾತು ಅವನಿಗೆ ಅಷ್ಟಕ್ಕಷ್ಟೆ.
ಟಾರ್ಚು ಬಿಟ್ಟು ಕೇಳಿದ: ಯಾವ ದೇಶದವನು?
ಅಜ್ಜಿ ಅಂದಳು: ಮಂಗಳವಾರದವನು.
ದೇಶ ಅಮ್ಮ, ದೇಶ.
ಕೊಮ್ಲಾ ಅಂದರೇನು ಮತ್ತೆ? ಮಂಗಳವಾರ ಹುಟ್ಟಿದವನು.
ಅದಕ್ಕಿಂತ ಹಳೆಯ ಊರು ಅವನಿಗಿಲ್ಲ.

ಅವನ ಪುಸ್ತಕದಲ್ಲಿ ಆ ಮನೆಗೆ ಗೀಟು ಇರಲಿಲ್ಲ.
ಬಗ್ಗಿ, ಗಾರೆ ಒರೆಸಿ, ಕಲ್ಲಿನ ಅಂಕಿಯನ್ನೇ ಬರೆದುಕೊಂಡ,
ನಿಧಾನವಾಗಿ,
ಬೇಕೆಂದೇ ನಿಧಾನವಾಗಿ ಎಂದು ನನಗೆ ಈಗ ಅನಿಸುತ್ತದೆ.
ತಲೆ ಎತ್ತುವಷ್ಟರಲ್ಲಿ ನಾವು ಗೆಣಸಿನ ಬಳ್ಳಿಗಳ ನಡುವೆ ಇದ್ದೆವು.

ಬೆಳಗ್ಗೆ ಕಲ್ಲಿನ ಮೇಲೆ ಪೆಟ್ಟಿಗೆಯದೊಂದು ಮರದ ಸಿಬಿರು.
ಅಜ್ಜಿ ಅದನ್ನು ಆಯ್ದು ಒಲೆಗೆ ಹಾಕಿದಳು.
ಒಲೆ, ಅವಳ ಲೆಕ್ಕದಲ್ಲಿ, ಇನ್ನೂ ಇಂಗ್ಲಿಷರದೇ.
ಉರಿಯಲಿ, ಅಂದಳು.